ನೇಪಲ್ಸಿನ ಆಂಟನ್ ಡೋರ್ನರು

ವಿದ್ಯೆಯ ಕಾರ್ಯಕ್ಕೆ ಹಣ ಕೂಡಿಸುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲರು. ಕೂಡಿಸಿದ ಮೇಲೆ ಹಣ ಕೊಟ್ಟವನ ಮುಷ್ಟಿಯೊಳಗೆ ಆ ವಿದ್ಯೆಯು ಸಿಕ್ಕಿಬೀಳದಂತೆ ಕಾಯುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಸಂಸ್ಥೆಗಳನ್ನು ನಡೆಯಿಸಿ ಕೈ ಸುಟ್ಟುಕೊಂಡವರು ಮಾತ್ರ ಬಲ್ಲರು. ಇಟಲಿ ದೇಶದ ನೇಪಲ್ಸ್ ಪಟ್ಟಣದಲ್ಲಿ, ಕಡಲ ದಂಡೆಯ ಉದ್ಯಾನದ ನಡುವೆ, ಒಂದೂವರೆ ಶತಮಾನದಿಂದ ನಿಂತಿರುವ ಪ್ರಾಣಿಶಾಸ್ತ್ರ ಮಂದಿರವು ಇಂದು ಆ ದೇಶದ ರಾಷ್ಟ್ರೀಯ ಸಾಗರಜೀವ ಸಂಶೋಧನ ಸಂಸ್ಥೆಯಾಗಿದೆ. ಅದನ್ನು ಕಟ್ಟಿದವರು ಇಟಲಿಯವರಲ್ಲ. ಅರಸರೂ ಅಲ್ಲ, ಸರಕಾರವೂ ಅಲ್ಲ. ಆಂಟನ್ ಡೋರ್ನರೆಂಬ ಜರ್ಮನ್ ಪಂಡಿತರು ತಮ್ಮ ಮನೆತನದ ಹಣವನ್ನು ಸುರಿದು, ಸಾಲದ್ದಕ್ಕೆ ಊರೂರು ತಿರುಗಿ ಬೇಡಿ ಅದನ್ನು ಎಬ್ಬಿಸಿದರು. ಅವರ ಜೀವಿತವು ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದಾದುದರಿಂದ ಇಲ್ಲಿ ತುಸು ವಿಸ್ತಾರವಾಗಿ ಹೇಳುತ್ತೇವೆ.

ಡೋರ್ನರು ಹುಟ್ಟಿದ್ದು 1840ನೆಯ ಇಸವಿ ಡಿಸೆಂಬರ 29ರಂದು, ಆಗ ಪ್ರಶಿಯಾಕ್ಕೆ ಸೇರಿದ್ದು ಈಗ ಪೋಲಂಡಿನಲ್ಲಿರುವ ಸ್ಟೆಟಿನ್ ಪಟ್ಟಣದಲ್ಲಿ. ಅಜ್ಜನು ಸಕ್ಕರೆ ಶುದ್ಧಿಮಾಡುವ ಉದ್ಯಮದಿಂದ ಧನಿಕನಾದವನು. ತಂದೆಗೆ ವ್ಯಾಪಾರಕ್ಕಿಂತ ಕೀಟಶಾಸ್ತ್ರವೂ ಸಂಗೀತವೂ ಹೆಚ್ಚು ಪ್ರಿಯವಾಗಿದ್ದವು. ಪ್ರಸಿದ್ಧ ಸಂಗೀತಕಾರ ಮೆಂಡೆಲ್ಸನ್ನನು ಈ ಮಗುವಿಗೆ ಧರ್ಮಪಿತನಾಗಿ ನಿಂತನೆಂದ ಮೇಲೆ ಆ ಮನೆಯ ವಾತಾವರಣವನ್ನು ಬೇರೆ ವರ್ಣಿಸಬೇಕಾಗಿಲ್ಲ. ಮಗನು ನಾಲ್ಕಾರು ವಿಶ್ವವಿದ್ಯಾಲಯಗಳನ್ನು ತಿರುಗಿದರೂ ಯಾವುದರಲ್ಲಿಯೂ ಮನಸ್ಸು ನೆಲೆಗೊಳ್ಳಲಿಲ್ಲ. 1862ರಲ್ಲಿ ಯೇನಾದಲ್ಲಿ ಹೆಕೆಲ್ ಪಂಡಿತನು ಆತನಿಗೆ ಡಾರ್ವಿನ್ನನ ಗ್ರಂಥವನ್ನು ಪರಿಚಯ ಮಾಡಿಕೊಟ್ಟನು. ಅಂದಿನಿಂದ ದಾರಿ ನಿಶ್ಚಯವಾಯಿತು.

ಆ ದಾರಿಯು ಕಡಲಿಗೆ ಒಯ್ದಿತು. ಪ್ರಾಣಿಗಳ ಮುಖ್ಯ ಕುಲಗಳಲ್ಲಿ ಬಹುಪಾಲು ಕಡಲಿನಲ್ಲಿಯೇ ಇವೆ; ಕೆಲವಂತೂ ಕಡಲನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಜೀವಿಗಳ ಪರಸ್ಪರ ಸಂಬಂಧವನ್ನು ಅರಿಯಬೇಕಾದರೆ ಮೊಟ್ಟೆಯಿಂದ ಮರಿಯು ಹೇಗೆ ರೂಪುಗೊಳ್ಳುವುದೆಂಬುದನ್ನು ಕಣ್ಣೆದುರು ನೋಡಬೇಕು. ಶೀಸೆಯಲ್ಲಿಟ್ಟ ಹೆಣದಿಂದ ಅದು ತಿಳಿಯಲಾರದು. ಆದರೆ ಅಂದಿನ ಪಂಡಿತರ ಪಾಡೇನು? ರಜೆಯಲ್ಲಿ ಸೂಕ್ಷ್ಮದರ್ಶಕವನ್ನು ಕಟ್ಟಿಕೊಂಡು ದೂರದ ಕಡಲೂರಿಗೆ ಹೋಗಬೇಕು, ಬಾಡಿಗೆಗೆ ಕೋಣೆ ಹಿಡಿಯಬೇಕು, ಬೆಸ್ತರೊಡನೆ ಅವರ ಭಾಷೆ ಬಾರದೆ ಹೆಣಗಬೇಕು, ಗಾಜಿನ ಪಾತ್ರೆಗಳನ್ನು ಹುಡುಕಬೇಕು. ತಂದ ನೀರು ಕೆಡುವುದು, ಪ್ರಾಣಿ ಸಾಯುವುದು. ಎಲ್ಲವೂ ಸರಿಹೋಗುವ ಹೊತ್ತಿಗೆ ರಜೆ ತೀರುವುದು. ಹೆಲಿಗೊಲ್ಯಾಂಡ್ ದ್ವೀಪದಲ್ಲಿಯೂ ಸ್ಕಾಟ್ಲಂಡಿನಲ್ಲಿಯೂ ಡೋರ್ನರು ಇದನ್ನೆಲ್ಲ ಅನುಭವಿಸಿದರು. 1868-69ರ ಚಳಿಗಾಲದಲ್ಲಿ ರಶಿಯದ ಮಿಕ್ಲುಖೊ-ಮಕ್ಲಾಯ್ ಎಂಬ ಗೆಳೆಯನೊಡನೆ ಸಿಸಿಲಿಯ ಮೆಸೀನಾದಲ್ಲಿದ್ದಾಗ ಅವರಿಗೊಂದು ವಿಚಾರ ಹೊಳೆಯಿತು: ತಾವು ಕೂಡಿಸಿದ ಸಾಮಗ್ರಿಯನ್ನು ಮುಂದೆ ಬರುವವನಿಗಾಗಿ ಅಲ್ಲಿಯೇ ಬಿಟ್ಟುಹೋದರೆ? ಇಂಥ ತಾಣಗಳು ಕಡಲ ದಂಡೆಯುದ್ದಕ್ಕೂ ಇದ್ದರೆ? ನಮ್ಮ ಹಿರಿಯರು ಯಾತ್ರೆಯ ದಾರಿಯಲ್ಲಿ ಛತ್ರಗಳನ್ನು ಕಟ್ಟಿಸಿದ್ದು ಇದೇ ಬಗೆಯ ವಿಚಾರದಿಂದಲೇ ಅಲ್ಲವೆ?

ಆದರೆ ಡೋರ್ನರು ಧರ್ಮಛತ್ರವನ್ನು ಕಟ್ಟಲಿಲ್ಲ. ಅವರ ಜಾಣತನವಿರುವುದು ಇಲ್ಲಿಯೇ. ದಾನದ ಮೇಲೆ ನಿಂತದ್ದು ದಾನಿಯೊಡನೆಯೇ ಬೀಳುವುದೆಂದು ಅವರು ಮೊದಲೇ ಕಂಡರು. ಬರ್ಲಿನ್ನಿನ ಮತ್ಸ್ಯಾಲಯವನ್ನು ನೋಡಲು ಜನರು ಹಣ ಕೊಟ್ಟು ಮುಗಿಬೀಳುವುದನ್ನು 1870ರಲ್ಲಿ ಕಂಡು, ತಮ್ಮ ಮಂದಿರದ ಕೆಳ ಅಂತಸ್ತಿನಲ್ಲಿ ಅಂಥದೊಂದನ್ನಿಟ್ಟು ಅದರ ಟಿಕೇಟಿನ ಹಣದಿಂದ ಮೇಲಿನ ಪ್ರಯೋಗಶಾಲೆಯನ್ನು ಸಾಕಬೇಕೆಂದು ನಿಶ್ಚಯಿಸಿದರು. ಇದಕ್ಕೆ ಮೆಸೀನಾ ಸಾಲದು. ನೇಪಲ್ಸ್ ದೊಡ್ಡ ಪಟ್ಟಣ, ಪ್ರವಾಸಿಕರು ತಪ್ಪದೆ ಬರುವ ಊರು. ಅದರ ಕೊಲ್ಲಿಯೋ ಜೀವಸಂಪತ್ತಿಗೆ ಹೆಸರಾದುದು. ಅದೇ ವರ್ಷ ಅವರು ಇಂಗ್ಲಂಡಿನಲ್ಲಿ ಡಾರ್ವಿನ್ನನನ್ನು ಆತನ ಮನೆಯಲ್ಲಿ ಕಂಡರು. ಮುಂದೆ ಆ ವೃದ್ಧನು ಈ ಕಾರ್ಯಕ್ಕೆ ಹಣವನ್ನೂ ಪುಸ್ತಕಗಳನ್ನೂ ಕೊಟ್ಟನು.

ನೇಪಲ್ಸಿನ ಪುರಸಭೆಯು ಬಹು ಮಾತುಕತೆಯ ನಂತರ ಉದ್ಯಾನದಲ್ಲಿ ನಿವೇಶನವನ್ನು ಪುಕ್ಕಟೆಯಾಗಿ ಕೊಟ್ಟಿತು. ಕಟ್ಟಡದ ವೆಚ್ಚ ಡೋರ್ನರದು. ಪರದೇಶದ ಮೂವತ್ತು ವರ್ಷದ ತರುಣನೊಬ್ಬನು ಪುರಸಭೆಯ ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿಳಿದಿರಬೇಕೆಂಬುದನ್ನು ಇಂಥ ಕಚೇರಿಗಳ ಪರಿಚಯವುಳ್ಳ ನಮ್ಮ ವಾಚಕರೇ ಊಹಿಸಿಕೊಳ್ಳಲಿ. ತಂದೆಗೆ ಈ ಸಾಹಸದಲ್ಲಿ ಮೊದಮೊದಲು ನಂಬಿಕೆಯಿರಲಿಲ್ಲ. ಆದರೂ 1872ರ ಮಾರ್ಚಿನಲ್ಲಿ ಕಟ್ಟಡದ ಕೆಲಸವು ಆರಂಭವಾಗಿ ಮರುವರ್ಷವೇ ಪಂಡಿತರು ಬಂದು ಕೂಡ್ರುವಷ್ಟಾಯಿತು. 1874ರ ಜನವರಿಯಲ್ಲಿ ಮತ್ಸ್ಯಾಲಯವು ಜನರಿಗೆ ತೆರೆಯಿತು. ಅದೇ ವರ್ಷ ಡೋರ್ನರ ವಿವಾಹವೂ ನಡೆಯಿತು.

ಟಿಕೇಟಿನ ಹಣ ಅವರು ಎಣಿಸಿದಷ್ಟು ಬರಲಿಲ್ಲ. ಇನ್ನೊಂದು ಯೋಜನೆಯೇ ಸಂಸ್ಥೆಯನ್ನು ಉಳಿಸಿತು. ಅದು ಮೇಜಿನ ಬಾಡಿಗೆ. ಒಂದು ಸರಕಾರವೋ ವಿಶ್ವವಿದ್ಯಾಲಯವೋ ವರ್ಷಕ್ಕಿಷ್ಟೆಂದು ಹಣ ಕೊಟ್ಟು ಒಂದು ಮೇಜನ್ನು ಹಿಡಿಯಬೇಕು. ಆ ಮೇಜಿಗೆ ತನಗೆ ಬೇಕಾದ ಪಂಡಿತನನ್ನು ಕಳುಹಬೇಕು. ಮೇಜೆಂದರೆ ಬರಿಯ ಹಲಗೆಯಲ್ಲ. ಹರಿಯುವ ಕಡಲನೀರಿನ ತೊಟ್ಟಿಗಳು, ಔಷಧದ್ರವ್ಯಗಳು, ಉತ್ತಮವಾದ ಗ್ರಂಥಾಲಯ, ಕೈಗೆ ಸಹಾಯಕರು, ಎಲ್ಲಕ್ಕಿಂತ ಮಿಗಿಲಾಗಿ ಬೇಕೆಂದ ಪ್ರಾಣಿಯನ್ನು ಜೀವಂತ ಹಿಡಿದು ತಂದೊಪ್ಪಿಸುವ ಬೆಸ್ತರು, ಇವೆಲ್ಲ ಅದರಲ್ಲಿ ಸೇರಿದ್ದವು. ಪ್ರಶಿಯಾ, ಇಟಲಿಗಳ ಸರಕಾರಗಳೂ ಕೇಂಬ್ರಿಜ್ ವಿಶ್ವವಿದ್ಯಾಲಯವೂ ಮೊದಲಿಗರಲ್ಲಿ ಸೇರಿದವು. ಅಮೆರಿಕದ ವಿದ್ಯಾವತಿಯರು 1898ರ ಹೊತ್ತಿಗೆ ತಮ್ಮದೇ ಸಂಘವನ್ನು ಕಟ್ಟಿ, ಸ್ತ್ರೀಯರಿಗಾಗಿಯೇ ಒಂದು ಮೇಜನ್ನು ಹಿಡಿದರು. ಹಣ ಕೊಟ್ಟವರು ಪಂಡಿತನನ್ನು ಆರಿಸಬಹುದಾಗಿತ್ತೇ ಹೊರತು ಸಂಸ್ಥೆಯನ್ನು ಆಳುವಂತಿರಲಿಲ್ಲ; ಬಂದವನು ಯಾವ ವಿಷಯವನ್ನು ಶೋಧಿಸಬೇಕೆಂದು ಡೋರ್ನರೂ ವಿಧಿಸುತ್ತಿರಲಿಲ್ಲ. ಸಾವಿರ ರೂಪಾಯಿ ಕೊಟ್ಟು ಸಭಾಗೃಹದಲ್ಲಿ ಭಾವಚಿತ್ರವನ್ನೂ ಆಡಳಿತ ಮಂಡಲಿಯಲ್ಲಿ ಅಳಿಯನಿಗೊಂದು ಸ್ಥಾನವನ್ನೂ ಕೇಳುವ ದಾನಶೂರರನ್ನು ಕಂಡಿರುವ ನಮಗೆ ಈ ಕಟ್ಟಳೆಯ ಬೆಲೆ ಗೊತ್ತಿದೆ. 1909ರೊಳಗಾಗಿ ಸುಮಾರು 2,200 ಮಂದಿ ಪಂಡಿತರು ಅಲ್ಲಿ ಕೆಲಸ ಮಾಡಿ ಹೋದರು. ಬೊವೇರಿ ಎಂಬ ಜರ್ಮನ್ ವಿದ್ವಾಂಸನು, ಜೀವಕೋಶದ ವರ್ಣತಂತುಗಳಲ್ಲಿ ಒಂದೊಂದರ ಗುಣವೂ ಬೇರೆಯೆಂಬುದನ್ನು ಮೈಯೆಲ್ಲ ಮುಳ್ಳಿರುವ ಒಂದು ಕಡಲಪ್ರಾಣಿಯ ಮೊಟ್ಟೆಗಳಿಂದ ತೋರಿಸಿಕೊಟ್ಟು 1902ರಲ್ಲಿ ಪ್ರಕಟಿಸಿದ್ದು ಇಲ್ಲಿಯ ಪ್ರಯೋಗಗಳಿಂದಲೇ. ಅಮೆರಿಕದ ವುಡ್ಸ್ ಹೋಲಿನಲ್ಲಿ 1888ರಲ್ಲಿ ತೆರೆದ ಸಾಗರಜೀವ ಪ್ರಯೋಗಶಾಲೆಯ ಮೊದಲ ನಿರ್ದೇಶಕನಾದ ವಿಟ್ಮನ್ನನೂ ನೇಪಲ್ಸಿನಲ್ಲಿ ಕೆಲಸ ಮಾಡಿ ಹೋದವನೇ.

ಪಂಡಿತರನ್ನಷ್ಟೇ ಹೊಗಳಿದರೆ ನಮ್ಮ ಮಾತು ಅರ್ಧವಾದೀತು. 1874ರಲ್ಲಿ ಸಾಲ್ವತೋರೆ ಲೊ ಬಿಯಾಂಕೊ ಎಂಬ ನೇಪಲ್ಸಿನ ಹದಿನಾಲ್ಕು ವರ್ಷದ ಬಡ ಹುಡುಗನು ಕೆಲಸಕ್ಕೆ ಸೇರಿದನು. ಕಡಲಿನ ಎಷ್ಟೋ ಪ್ರಾಣಿಗಳ ಮೈ ಲೋಳೆಯಂತಿರುವುದು. ಮದ್ಯಸಾರಕ್ಕೆ ಹಾಕಿದೊಡನೆ ಮುದುಡಿ ಗುರುತು ಸಿಗದಂತಾಗುವುದು. ಯಾವ ಪ್ರಾಣಿಯನ್ನು ಯಾವ ದ್ರವದಿಂದ ಮೊದಲು ಮಂಪರುಗೊಳಿಸಬೇಕು, ಯಾವ ಗಳಿಗೆಗೆ ಕೊಲ್ಲಬೇಕು ಎಂಬುದನ್ನು ಈ ಹುಡುಗನು ವರ್ಷಗಟ್ಟಲೆ ಪರೀಕ್ಷಿಸಿ ಕಂಡುಕೊಂಡನು. ಜೀವಂತವೋ ಎಂಬಂತೆ ಅರಳಿ ನಿಂತ ಆ ಮಾದರಿಗಳನ್ನು ಲೋಕದ ವಸ್ತುಸಂಗ್ರಹಾಲಯಗಳು ಕೊಂಡುಕೊಂಡವು; ಅದರಿಂದ ಮಂದಿರಕ್ಕೆ ಹಣವೂ ಬಂದಿತು. 1890ರಲ್ಲಿ ತನ್ನ ವಿಧಾನಗಳನ್ನೆಲ್ಲ ಆತನು ಪ್ರಕಟಿಸಿದನು. ಹುಡುಗನ ಕೈಚಳಕವನ್ನು ಗುರುತಿಸಿ ಬೆಳೆಯಿಸಿದ್ದನ್ನು ಡೋರ್ನರ ದೊಡ್ಡ ಗುಣಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ.

ಇಷ್ಟಕ್ಕೆಲ್ಲ ಡೋರ್ನರು ತೆತ್ತ ಬೆಲೆಯೇನು? ಅವರು ಮೂಲತಃ ಸಂಶೋಧಕರು. ಬೆನ್ನೆಲುಬುಳ್ಳ ಪ್ರಾಣಿಗಳು ಉಂಗುರ ಮೈಯ ಹುಳುಗಳ ಕುಲದಿಂದ ಬಂದವೆಂಬುದು ಅವರ ಸಿದ್ಧಾಂತ. ಒಂದು ಅವಯವವು ತನ್ನ ಕೆಲಸವನ್ನು ಮೆಲ್ಲಮೆಲ್ಲನೆ ಬದಲಿಸಿಕೊಂಡು ಹೊಸ ಅವಯವವಾಗುವುದೆಂಬ ತತ್ತ್ವವನ್ನು 1875ರಲ್ಲಿ ಪ್ರಕಟಿಸಿದ ಚಿಕ್ಕ ಗ್ರಂಥದಲ್ಲಿ ಅವರು ನಿರೂಪಿಸಿದರು. ಗುರುವಾಗಿದ್ದ ಹೆಕೆಲ್ಲನೇ ಇದನ್ನು ಒಪ್ಪದೆ ಎದುರುನಿಂತನು. ಇದರ ಸಾಧನೆಗೆ ಬೇಕಾಗಿದ್ದ ದಿನಗಳು ಲೆಕ್ಕಪತ್ರಗಳಲ್ಲಿ, ಮಂತ್ರಿಗಳ ಬಾಗಿಲಲ್ಲಿ, ಜರ್ಮನ್ ಸಾಮ್ರಾಜ್ಯ ಸರಕಾರದಿಂದ ವಾರ್ಷಿಕ ಸಹಾಯಧನ ದೊರಕಿಸುವ ಓಡಾಟದಲ್ಲಿ ಕಳೆದುಹೋದವು. ಸಿದ್ಧಾಂತವು ಇಡಿಯಾಗಿ ನಿಲ್ಲಲಿಲ್ಲ. ಹುಳುವಿನ ಹೊಟ್ಟೆಯ ಭಾಗವೇ ನಮ್ಮಲ್ಲಿ ಬೆನ್ನಾಗಿದೆಯೆಂಬ ಅದರ ಒಂದಂಶಕ್ಕೆ ಮಾತ್ರ 1990ರ ದಶಕದಲ್ಲಿ ವಂಶವಾಹಿಗಳ ಅಧ್ಯಯನದಿಂದ ಆಧಾರ ದೊರೆಯಿತು. ಅದನ್ನು ನೋಡಲು ಅವರಿರಲಿಲ್ಲ. 1909ರ ಸೆಪ್ಟೆಂಬರ 26ರಂದು ಮ್ಯೂನಿಕ್ಕಿನಲ್ಲಿ ಅವರು ಕಾಲವಾದರು.

ಯಾವ ಸರಕಾರಕ್ಕೂ ಅಡಿಯಾಳಾಗದ ಸಂಸ್ಥೆಗೆ ಅಪಾಯ ಬಂದಾಗ ಕಾಯುವ ಸರಕಾರವೂ ಇರುವುದಿಲ್ಲ. ಇದನ್ನು ಡೋರ್ನರು ಸಾಕಷ್ಟು ಆಲೋಚಿಸಿದಂತೆ ಕಾಣುವುದಿಲ್ಲ. ಸಂಸ್ಥೆಯನ್ನು ಅವರು ಮನೆತನದ ಕೈಯಲ್ಲಿಯೇ ಉಳಿಸಿ ಹೋದರು. ಮಗ ರೈನ್ಹಾರ್ಡ್ ಅಧಿಕಾರ ವಹಿಸಿಕೊಂಡನು. 1915ರಲ್ಲಿ ಇಟಲಿಯು ಮಹಾಯುದ್ಧಕ್ಕಿಳಿದಾಗ ಆತನು ನೇಪಲ್ಸನ್ನು ಬಿಡಬೇಕಾಯಿತು. ಮಂದಿರವು ಇಟಲಿಯವರ ವಶಕ್ಕೆ ಹೋಯಿತು. ಆತನ ಕೈಗೆ ಅದು ಮರಳಿದ್ದು 1924ರಲ್ಲಿ. ಆ ಬಳಿಕವೂ ದೇಶದೇಶಗಳ ವಿದ್ವಾಂಸರು ಬರುತ್ತಲೇ ಇದ್ದರು. 1951ರಲ್ಲಿ ವಾಟ್ಸನ್ ಎಂಬ ಅಮೆರಿಕದ ತರುಣನು ಡಿಎನ್‌ಎಯ ಕ್ಷಕಿರಣ ಚಿತ್ರವನ್ನು ಮೊದಲು ಕಂಡದ್ದು ಇಲ್ಲಿ ನಡೆದ ಒಂದು ಸಭೆಯಲ್ಲಿ. ಆದರೆ ಬಾಡಿಗೆಯ ಹಣದಿಂದ ದೊಡ್ಡ ಪ್ರಯೋಗಶಾಲೆಯನ್ನು ನಡೆಯಿಸುವ ಕಾಲವು ಮುಗಿದಿತ್ತು. 1982ರಲ್ಲಿ ಇಟಲಿಯ ಶಾಸನವು ಅದನ್ನು ಸರಕಾರದ ಸಂಶೋಧನ ಸಂಸ್ಥೆಗಳಲ್ಲಿ ಸೇರಿಸಿಕೊಂಡು, ಹೆಸರನ್ನು ಮಾತ್ರ ಆಂಟನ್ ಡೋರ್ನರದೆಂದೇ ಇಟ್ಟಿತು.