ಕಲಿತ ಕೈಯ ಕರುಣೆ: ಡಾ. ನಾ. ಸು. ಹರ್ಡೀಕರ್

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಸಕಲೇಶಪುರದಿಂದ ಹೆತ್ತೂರು, ವನಗೂರುಗಳ ಮಾರ್ಗವಾಗಿ ಬಿಸಿಲೆ ಘಟ್ಟದ ಕಡೆಗೆ ಪಯಣಿಸಿದವರಿಗೆ ಮಲೆನಾಡಿನ ಚೆಲುವಿನೊಡನೆ ಅದರ ಕಾಠಿಣ್ಯವೂ ಅರಿವಾಗಿರುತ್ತದೆ. ಹಾದಿಗೆ ಒಂದು ಮರ ಅಡ್ಡ ಬಿದ್ದರೆ ಸಾಕು, ಊರಿಗೆ ಊರೇ ಹೊರಗಿನ ಲೋಕದಿಂದ ಕಳಚಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಶಿರಾಡಿಯ ಹೆದ್ದಾರಿಯೂ ಸುಬ್ರಹ್ಮಣ್ಯದ ರೈಲುಹಾದಿಯೂ ಮುಚ್ಚಿಹೋದುದನ್ನು ಈ ಸೀಮೆಯ ಜನ ಮರೆತಿಲ್ಲ. ಮರಗಸಿಯ ವೇಳೆ ಕೊಂಬೆಯಿಂದ ಜಾರಿಬಿದ್ದವನಿಗೆ, ತೋಟದ ತರಗಿನಲ್ಲಿ ಹಾವು ಕಡಿದವಳಿಗೆ ಆಸ್ಪತ್ರೆ ದೂರ. 2008ರಿಂದ 108ರ ವಾಹನದ ನೆರವು ನಾಡಿಗೆ ದೊರೆತಿರುವುದು ದೊಡ್ಡ ಭಾಗ್ಯವೇ ಸರಿ. ಆದರೂ ಅಪಘಾತಕ್ಕೂ ವೈದ್ಯನ ಕೈಗೂ ನಡುವೆ ಒಂದಿಷ್ಟು ಹೊತ್ತು ಉಳಿದೇ ಉಳಿಯುತ್ತದೆ. ಆ ಹೊತ್ತಿನ ಒಡೆಯನು ವೈದ್ಯನಲ್ಲ, ಪಕ್ಕದಲ್ಲಿ ನಿಂತಿರುವ ಸಾಮಾನ್ಯ ಮನುಷ್ಯ.

ಆ ಸಾಮಾನ್ಯ ಮನುಷ್ಯನನ್ನು ಸಿದ್ಧಗೊಳಿಸುವುದನ್ನೇ ಬಾಳಿನ ಕಾಯಕವಾಗಿಸಿಕೊಂಡ ವೈದ್ಯರೊಬ್ಬರು ಕನ್ನಡನಾಡಿನಲ್ಲಿ ಆಗಿಹೋದರು. ಅವರೇ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಅವರ ಬಾಲ್ಯದ ದಿನಗಳಲ್ಲಿಯೇ ಆ ಸೀಮೆಗೆ ಪ್ಲೇಗಿನ ಮಾರಿ ಬಡಿಯಿತು. ಜನ ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದರು. 1898ರಲ್ಲಿ ನೆರೆಯ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ವಿಜ್ಞಾನಿಯ ಲಸಿಕೆಯನ್ನು ಸಾವಿರಗಟ್ಟಲೆ ಜನರಿಗೆ ಹಾಕಲಾಯಿತು. ವ್ಯಾಧಿಯೆಂಬುದು ಒಬ್ಬನ ಮನೆಯ ಸಂಗತಿಯಲ್ಲ, ಊರಿಗೆ ಊರೇ ಕೂಡಿ ಎದುರಿಸಬೇಕಾದ ವಿಪತ್ತು ಎಂಬ ಪಾಠವನ್ನು ಆ ಕಾಲದ ಧಾರವಾಡವು ತನ್ನ ಮಕ್ಕಳಿಗೆ ಕಲಿಸದೆ ಇದ್ದೀತೆ? ತರುಣ ಹರ್ಡೀಕರರು ಕಲ್ಕತ್ತೆಗೆ ತೆರಳಿ ವೈದ್ಯಕೀಯವನ್ನು ವ್ಯಾಸಂಗ ಮಾಡಿದರು. ಅನಂತರ ಅಮೆರಿಕೆಗೆ ಹೋಗಿ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ಅಭ್ಯಾಸಕ್ಕೆ ಆರಿಸಿಕೊಂಡುದು ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು. 1916ರಲ್ಲಿ ಅದರಲ್ಲಿ ಉನ್ನತ ಪದವಿಯನ್ನು ಪಡೆದರು.

ಆಗ ಲಾಲಾ ಲಜಪತರಾಯರು ಅಮೆರಿಕೆಯಲ್ಲಿದ್ದರು. ಹರ್ಡೀಕರರು ಅವರ ಬಲಗೈಯಾಗಿ ನಿಂತು, ಅಲ್ಲಿಯ ಹೋಮ್‌ರೂಲ್ ಸಂಘದ ಕಾರ್ಯವನ್ನು ನಡೆಸಿದರು. 1921ರಲ್ಲಿ ತಾಯ್ನಾಡಿಗೆ ಮರಳಿದ ಅವರಿಗೆ ವೈದ್ಯವೃತ್ತಿಯ ಬಾಗಿಲು ತೆರೆದೇ ಇದ್ದಿತು. ಆದರೆ ಅವರ ಶಕ್ತಿಯೆಲ್ಲ ಹರಿದುದು ಬೇರೊಂದು ಕಡೆಗೆ. ಅಸಹಕಾರ ಚಳವಳಿಯ ಆ ದಿನಗಳಲ್ಲಿ ದೇಶದಲ್ಲಿ ಉತ್ಸಾಹಕ್ಕೆ ಬಡತನವಿರಲಿಲ್ಲ, ಬಡತನವಿದ್ದುದು ಶಿಸ್ತಿಗೆ. ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಅವರು ಸೇವಾ ಮಂಡಲವೊಂದನ್ನು ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆಯ ಕಷ್ಟಕ್ಕೆ ಅಂಜಿ ಕ್ಷಮೆ ಬರೆದುಕೊಟ್ಟು ಹೊರಬಂದವರೂ ಇದ್ದರು. ಹುಬ್ಬಳ್ಳಿಯ ಮಂಡಲದವರು ಮಾತ್ರ ಬಗ್ಗಲಿಲ್ಲ. ದೇಶದ ಮುಖಂಡರ ಕಣ್ಣು ಆಗ ಈ ಕನ್ನಡಿಗರ ಕಡೆಗೆ ತಿರುಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಅಖಿಲ ಭಾರತದ ಸ್ವಯಂಸೇವಕ ಸಂಸ್ಥೆಯೊಂದು ರೂಪುಗೊಂಡಿತು. ಅದೇ ಮುಂದೆ ಹಿಂದುಸ್ತಾನಿ ಸೇವಾದಳವೆಂದು ಹೆಸರಾಯಿತು. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ದಿನದಿನದ ದುಡಿಮೆ ಹರ್ಡೀಕರರ ಪಾಲಿಗೆ ಬಂದಿತು.

ಈ ದಳದ ಶಿಬಿರಗಳಲ್ಲಿ ಕಲಿಸುತ್ತಿದ್ದುದಾದರೂ ಏನು? ಕವಾಯತು, ಜನಸಂದಣಿಯ ನಿಯಂತ್ರಣ, ನೈರ್ಮಲ್ಯ, ಪ್ರಥಮ ಚಿಕಿತ್ಸೆ. ಗಾಯಾಳುವಿಗೆ ಆರೈಕೆ ಮಾಡುವ ವಿದ್ಯೆಯನ್ನು ಸಾಮಾನ್ಯ ಜನಕ್ಕೆ ಕಲಿಸುವ ಪರಿಪಾಠವನ್ನು ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು 1877ರಲ್ಲಿ ಆರಂಭಿಸಿತ್ತು. ಭಾರತೀಯ ರೆಡ್ ಕ್ರಾಸ್ ಸಂಸ್ಥೆಯೂ 1920ರಲ್ಲಿ ಸ್ಥಾಪನೆಗೊಂಡಿತ್ತು. ಆದರೆ ಆ ವಿದ್ಯೆಯನ್ನು ಸ್ವಾತಂತ್ರ್ಯಸಂಗ್ರಾಮದ ಕಾರ್ಯಕರ್ತನ ನಿತ್ಯಾಭ್ಯಾಸದಲ್ಲಿ ಸೇರಿಸಿದುದು ಹರ್ಡೀಕರರ ವೈಶಿಷ್ಟ್ಯ.

ಇದಕ್ಕೆ ವಿರೋಧವೂ ಇಲ್ಲದಿರಲಿಲ್ಲ. ಸಮವಸ್ತ್ರ, ಸಾಲುನಡಿಗೆ, ಅಪ್ಪಣೆಗಳೆಲ್ಲ ಸೈನ್ಯದ ಲಕ್ಷಣಗಳು, ಅಹಿಂಸೆಗೆ ಒಗ್ಗತಕ್ಕವಲ್ಲ ಎಂದು ಕಾಂಗ್ರೆಸ್ಸಿನೊಳಗೇ ಹಲವರು ಶಂಕಿಸಿದರು. ಆ ಶಂಕೆಯನ್ನು ಹಗುರವೆಂದು ತಳ್ಳಿಹಾಕುವಂತಿಲ್ಲ. ಸಾಲಿನಲ್ಲಿ ನಿಂತ ತರುಣರು ದಾರಿ ತಪ್ಪಿದ ಉದಾಹರಣೆಗಳು ಆ ಕಾಲದ ಯೂರೋಪಿನಲ್ಲಿಯೇ ಬೇಕಾದಷ್ಟಿದ್ದುವು. ಆದರೆ ಹರ್ಡೀಕರರ ದಳದವರ ಕೈಯಲ್ಲಿದ್ದುದು ಆಯುಧವಲ್ಲ. ಅದಕ್ಕೆ ಉತ್ತರವಾಗಿ ನಿಂತುದು 1924ರ ಬೆಳಗಾವಿಯ ಅಧಿವೇಶನ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅದು. ಅಲ್ಲಿಗೆ ಹರಿದುಬಂದ ಜನಸಾಗರವನ್ನು ಹರ್ಡೀಕರರ ಸ್ವಯಂಸೇವಕರು ನೋಡಿಕೊಂಡರು. ಮಹಿಳಾ ವಿಭಾಗದ ಹೊಣೆಯನ್ನು ಹೊತ್ತವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಗೃಹಕೃತ್ಯದ ಹೊರಗೆ ಕಾಲಿಡದ ಹೆಣ್ಣುಮಕ್ಕಳನ್ನು, ವಿಧವೆಯರನ್ನೂ ಕೂಡಿಸಿಕೊಂಡು, ನೂರೈವತ್ತಕ್ಕೂ ಮೀರಿದ ಸ್ವಯಂಸೇವಿಕೆಯರ ತಂಡವನ್ನು ಆಕೆ ಸಜ್ಜುಗೊಳಿಸಿದ್ದರು.

1932ರಲ್ಲಿ ಸರಕಾರವು ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರೂ ಸೆರೆಮನೆ ಕಂಡರು; ಹೊರಬರುವಷ್ಟರಲ್ಲಿ ಅವರ ಮುದ್ರಣಾಲಯ, ಶಾಲೆಗಳು ಕೈಬಿಟ್ಟುಹೋಗಿದ್ದುವು. ಆದರೆ ಮುಟ್ಟುಗೋಲು ಹಾಕಲಾಗದ ಆಸ್ತಿಯೊಂದಿದೆ. ಅದು ಕೈಗೆ ಹತ್ತಿದ ವಿದ್ಯೆ. 1934ರ ಜನವರಿ 15ರಂದು ಬಿಹಾರದ ನೆಲ ನಡುಗಿ, ಸಾವಿರಾರು ಮಂದಿ ಮಡಿದು, ಪಟ್ಟಣಗಳು ನೆಲಸಮವಾದಾಗ, ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳೂ ದುಡಿದವರಲ್ಲಿ ಉಮಾಬಾಯಿಯವರು ಒಬ್ಬರು. ದಳವು ಕಾಗದದ ಮೇಲೆ ಅಳಿದಿದ್ದರೂ ಅದರ ಶಿಕ್ಷಣವು ಮನುಷ್ಯರಲ್ಲಿ ಉಳಿದಿತ್ತು. ಹರ್ಡೀಕರರ ಬಾಳಿನ ಸಾರ್ಥಕತೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಈ ನಡುವೆ ಅವರೊಳಗಿನ ವೈದ್ಯ ಮರೆಯಾಗಿರಲಿಲ್ಲ. 1929ರಲ್ಲಿ ಘಟಪ್ರಭೆಯಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯಧಾಮವನ್ನು ಡಾ. ಕೊಕಟನೂರ, ಡಾ. ವೈದ್ಯ ಇವರೊಡನೆ ಸೇರಿ ಬೆಳೆಸಿದವರಲ್ಲಿ ಹರ್ಡೀಕರರೂ ಒಬ್ಬರು. ಸ್ವಾತಂತ್ರ್ಯಾನಂತರ 1952ರಿಂದ 1962ರ ವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1975ರ ಆಗಸ್ಟ್ 26ರಂದು ಅವರು ಕಾಲವಾದರು.

ಅವರ ಕಾಲದ ಪ್ರಥಮ ಚಿಕಿತ್ಸೆಯ ಪಾಠಗಳಲ್ಲಿ ಕೆಲವು ಇಂದು ಬದಲಾಗಿವೆ. ನೀರಿನಲ್ಲಿ ಮುಳುಗಿದವನನ್ನು ಬೋರಲು ಮಲಗಿಸಿ ಬೆನ್ನನ್ನು ಒತ್ತುವ ಕ್ರಮವು ಆಗ ರೂಢಿಯಲ್ಲಿತ್ತು. 1960ರಿಂದೀಚೆಗೆ ಎದೆಯ ನಡುವನ್ನು ಒತ್ತುವ ವಿಧಾನ, ಬಾಯಿಂದ ಉಸಿರು ತುಂಬುವ ವಿಧಾನಗಳು ಆ ಸ್ಥಾನವನ್ನು ಪಡೆದುವು. ಹಾವು ಕಡಿದೊಡನೆ ಬಿಗಿಯಾಗಿ ಕಟ್ಟಿ, ಗಾಯವನ್ನು ಕೊಯ್ಯಬೇಕೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುವು; ಇಂದಿನ ವೈದ್ಯರು ಅವೆರಡನ್ನೂ ಬೇಡವೆನ್ನುತ್ತಾರೆ. ಕಡಿತವಾದ ಅಂಗವನ್ನು ಅಲುಗದಂತೆ ಇರಿಸಿ, ನಡೆಯಗೊಡದೆ, ತಡಮಾಡದೆ ವಿಷಹಾರಿ ಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು. ಆದುದರಿಂದ ಒಮ್ಮೆ ಕಲಿತೆನೆಂದು ಕೈಕಟ್ಟಿ ಕೂರುವ ವಿದ್ಯೆ ಇದಲ್ಲ. ಅರೆಬರೆ ಅರಿತವನ ಕರುಣೆ ಒಮ್ಮೊಮ್ಮೆ ಕೇಡನ್ನೇ ಮಾಡೀತು.

ನಮ್ಮ ಶಾಲೆಗಳಲ್ಲಿ ಇಂದಿಗೂ ಇರುವ ಭಾರತ ಸೇವಾದಳದ ಘಟಕಗಳು ಹರ್ಡೀಕರರನ್ನು ತಮ್ಮ ಸ್ಥಾಪಕರೆಂದು ನೆನೆಯುತ್ತವೆ. ಪ್ರತಿಮೆಗೆ ಮಾಲೆ ಹಾಕುವುದರಿಂದಷ್ಟೇ ಆ ನೆನಪು ಪೂರ್ತಿಯಾಗದು. ವನಗೂರಿನ ಸುತ್ತಿನ ಮಲೆಗಳಲ್ಲಿ ವೈಶಾಖ ಬಂದಿತೆಂದರೆ ಸೌದೆಯನ್ನು ಒಟ್ಟಿಡುತ್ತಾರೆ, ಹೆಂಚುಗಳನ್ನು ಕೈಯಾಡಿಸುತ್ತಾರೆ. ಮಳೆ ಹೊಯ್ಯತೊಡಗಿದ ಮೇಲೆ ಆ ಕೆಲಸ ಸಾಗದೆಂಬುದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಹರ್ಡೀಕರರು ಬಾಳಿನುದ್ದಕ್ಕೂ ದೇಶಕ್ಕೆ ಕಲಿಸಹೊರಟುದು ಈ ಮಲೆನಾಡಿಗನ ವಿವೇಕವನ್ನೇ. ಅಟ್ಟದ ಸೌದೆಯೊಡನೆ ಪ್ರತಿ ಮನೆಯಲ್ಲಿಯೂ ಪಳಗಿದ ಕೈಯೊಂದು ಸಿದ್ಧವಾಗಿರಲಿ.