ತುಂಗಭದ್ರೆಯ ಕನಸು ಕಂಡ ಕಾಟನ್ ಸಾಹೇಬರು

ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ರೈತ ಬಾಂಧವರೇ, ತುಂಗಭದ್ರೆಗೆ ಅಣೆಕಟ್ಟು ಬೇಕೆಂದು 1860ರಲ್ಲೇ ಯೋಚಿಸಿದವರು ಯಾರು ಬಲ್ಲಿರಾ? ಸರ್ ಆರ್ಥರ್ ಕಾಟನ್. 1803ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಇಂಜಿನಿಯರರು ಮದರಾಸು ಪ್ರಾಂತಕ್ಕೆ ಬಂದು, ಗೋದಾವರಿಗೆ ಅಣೆಕಟ್ಟು ಕಟ್ಟಿಸಿ ಹೆಸರಾದರು.

ತುಂಗಭದ್ರೆಯ ಕೆಲಸ ಮಾತ್ರ ಖಾಸಗಿ ಕಂಪನಿಯ ಪಾಲಾಯಿತು. ಷೇರುದಾರರಿಗೆ ನೂರಕ್ಕೆ 5ರ ಬಡ್ಡಿಗೆ ಸರಕಾರವೇ ಹೊಣೆ. ನೀರು ಹರಿಯಲಿ ಬಿಡಲಿ, ಬಡ್ಡಿ ತಪ್ಪದು! ಆದದ್ದು ಕರ್ನೂಲು-ಕಡಪ ಕಾಲುವೆಯೊಂದೇ. ಬಳ್ಳಾರಿ ಸೀಮೆ ಒಣಗಿಯೇ ಉಳಿಯಿತು. 1882ರಲ್ಲಿ ಸರಕಾರ ಕಾಲುವೆಯನ್ನು ಕೊಂಡಿತು. 1899ರಲ್ಲಿ ಕಾಟನ್ ತೀರಿಕೊಂಡರು.

ಅಣೆಕಟ್ಟು ಮುಗಿದದ್ದು 1953ರಲ್ಲಿ, ಸರಕಾರಿ ಹಣದಿಂದ. ಇಂದು ಅದರ ಆಡಳಿತ ತುಂಗಭದ್ರಾ ಮಂಡಳಿಯದು, ಖರ್ಚು ಪಾಲುದಾರ ರಾಜ್ಯಗಳದು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಬಾಂಧವರೇ, ನಿಮ್ಮೂರಿಗೆ ನೀರಿನ ಯೋಜನೆ ಬಂದಾಗ ಮೊದಲು ವಿಚಾರಿಸಿರಿ: ದುಡ್ಡು ಯಾರದು, ಲೆಕ್ಕ ಕೇಳುವವರು ಯಾರು?