‘ಕನ್ಯಾಶುಲ್ಕ’ದ ಗುರಜಾಡ ಅಪ್ಪಾರಾಯರು

ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತ ಬೆಳೆಯುವವರು. ಆದುದರಿಂದ ಶತಮಾನೋತ್ಸವಕ್ಕೆ ತೆಲುಗಿನ ‘ಕನ್ಯಾಶುಲ್ಕ’ದ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಆಡಿಸಲು ನಿಶ್ಚಯಿಸಿದೆವು. ಅದರ ಕರ್ತೃವಿನ ಬಾಳನ್ನು ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಗುರಜಾಡ ವೆಂಕಟ ಅಪ್ಪಾರಾಯರು 1862ರ ಸೆಪ್ಟೆಂಬರ್ 21ರಂದು ವಿಶಾಖಪಟ್ಟಣ ಸೀಮೆಯ ರಾಯವರದಲ್ಲಿ ಜನಿಸಿದರು. ಓದಿದ್ದು, ಬಾಳಿದ್ದು ವಿಜಯನಗರಂನಲ್ಲಿ. ನಮ್ಮ ಹಂಪೆಯ ವಿಜಯನಗರವಲ್ಲ, ಕಳಿಂಗ ಸೀಮೆಯದು. 1886ರಲ್ಲಿ ಬಿ.ಎ. ಮುಗಿಸಿ ಅಲ್ಲಿಯ ಮಹಾರಾಜರ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಸಂಸ್ಥಾನದ ಶಾಸನಗಳನ್ನು ಪರಿಶೋಧಿಸುವ ಕಾರ್ಯವೂ ಅವರ ಪಾಲಿಗೆ ಬಂತು.

ಆ ಸೀಮೆಯ ಬ್ರಾಹ್ಮಣರಲ್ಲಿ ತಂದೆಯೇ ಹಣ ಪಡೆದು ಎಳೆಯ ಮಗಳನ್ನು ಮುದುಕನಿಗೆ ಧಾರೆಯೆರೆಯುವ ರೂಢಿಯಿತ್ತು. ವರದಕ್ಷಿಣೆಯನ್ನಷ್ಟೇ ಬಲ್ಲ ನಮ್ಮ ಮಕ್ಕಳಿಗೆ ಇದನ್ನು ಎರಡು ಸಲ ವಿವರಿಸಬೇಕಾಯಿತು. ಮಹಾರಾಜ ಆನಂದ ಗಜಪತಿಗಳು ಇಂಥ ಮದುವೆಗಳ ಪಟ್ಟಿಯನ್ನು ಮಾಡಿಸಿದಾಗ ಮೂರು ವರ್ಷಗಳಲ್ಲಿ 1034 ದೊರೆತವು. ಅವುಗಳಲ್ಲಿ ಮೂವರು ವಧುಗಳ ವಯಸ್ಸು ಒಂದೇ ವರ್ಷ. ಈ ಪಟ್ಟಿಯನ್ನು ಕಂಡವರು ಶೋಕನಾಟಕವನ್ನೇ ಬರೆದಾರೆಂದು ಯಾರಾದರೂ ಊಹಿಸಬಹುದು. ಅಪ್ಪಾರಾಯರು ಪ್ರಹಸನವನ್ನು ಬರೆದರು. 1892ರಲ್ಲಿ ಅದು ರಂಗವೇರಿತು, 1897ರಲ್ಲಿ ಅಚ್ಚಾಯಿತು. 1909ರಲ್ಲಿ ಬಹುಮಟ್ಟಿಗೆ ಹೊಸದಾಗಿಯೇ ಬರೆದ ಏಳು ಅಂಕಗಳ ರೂಪ ಬಂತು.

ಮುದುಕ ಲುಬ್ಧಾವಧಾನಿಯಿಂದ ಬಾಲೆ ಸುಬ್ಬಿಯನ್ನು ಉಳಿಸಲು ಸೋದರಮಾವ ಕರಟಕಶಾಸ್ತ್ರಿ ತನ್ನ ಶಿಷ್ಯನಿಗೆ ಸೀರೆಯುಡಿಸಿ ವಧುವೆಂದು ಮಾರುತ್ತಾನೆ. ಮದುವೆಯಾದ ಮೇಲೆ ‘ವಧು’ ಪರಾರಿ. ಮುದುಕನ ತಲೆಯ ಮೇಲೆ ಕೊಲೆಯ ಆಪಾದನೆ. ಬಿಡಿಸುವವಳು ಮಧುರವಾಣಿಯೆಂಬ ವೇಶ್ಯೆ. ನಾಟಕದಲ್ಲಿ ಅತ್ಯಂತ ವಿವೇಕಿ ಅವಳೇ. ಅರೆಬರೆ ಇಂಗ್ಲಿಷಿನ ಗಿರೀಶಂ ಎಂಬ ಮೇಷ್ಟ್ರು, ಸುಬ್ಬಿಯ ವಿಧವೆ ಅಕ್ಕ ಬುಚ್ಚಮ್ಮನನ್ನು ಸುಧಾರಣೆಯ ಮಾತುಗಳಿಂದಲೇ ಮರುಳುಮಾಡುತ್ತಾನೆ. ಪಾಠ ಹೇಳುವ ನಮಗೆ ಅವನು ತುಸು ಹೆಚ್ಚಾಗಿಯೇ ಚುಚ್ಚಿದನೆಂದು ಒಪ್ಪಿಕೊಳ್ಳುತ್ತೇವೆ.

ಪಾತ್ರಗಳೆಲ್ಲ ಆಡುಮಾತಿನಲ್ಲಿ ಮಾತನಾಡಿದ್ದು ಪಂಡಿತರಿಗೆ ರುಚಿಸಲಿಲ್ಲ. ಬಾಲ್ಯದ ಸಹಪಾಠಿ ಗಿಡುಗು ರಾಮಮೂರ್ತಿಗಳೊಡನೆ ಅಪ್ಪಾರಾಯರು ವ್ಯಾವಹಾರಿಕ ಭಾಷೆಗಾಗಿ ವಾದಿಸಿದರು. ಶಾಲಾ ಪಠ್ಯಗಳ ಭಾಷೆಯ ಕುರಿತು ಮದ್ರಾಸ್ ವಿಶ್ವವಿದ್ಯಾಲಯದ ಸಮಿತಿಯಲ್ಲಿ ಬಹುಮತ ತಮಗೆ ವಿರೋಧವಾದಾಗ ಸುದೀರ್ಘ ಭಿನ್ನಮತವನ್ನು ಬರೆದು ಸಲ್ಲಿಸಿದರು. ‘ಮುತ್ಯಾಲ ಸರಗಳು’ ಎಂಬ ಹೊಸ ಛಂದಸ್ಸು, ದೇಶಭಕ್ತಿಯ ಗೀತೆ, ‘ದಿದ್ದುಬಾಟು’ ಎಂಬ ಸಣ್ಣಕತೆ ಇವೂ ಅವರ ಕಾಣಿಕೆಗಳೇ. 1915ರ ನವೆಂಬರ್ 30ರಂದು, 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತಾಲೀಮಿನಲ್ಲಿ ವಧುವಿನ ವೇಷದ ಹುಡುಗ ಸೀರೆಯನ್ನು ಎಡವಿ ಬಿದ್ದಾಗ ಎಲ್ಲರೂ ನಕ್ಕರು. ನೋಡಲು ಬಂದಿದ್ದ ಅಜ್ಜಿಯೊಬ್ಬರು ಮಾತ್ರ ನಗಲಿಲ್ಲ. ತಮ್ಮ ಮದುವೆಯ ದಿನ ತಾವೂ ಹೀಗೆಯೇ ಬಿದ್ದುದನ್ನು ಪಕ್ಕದಲ್ಲಿದ್ದ ಮೊಮ್ಮಗಳಿಗೆ ಮೆಲ್ಲನೆ ಹೇಳುತ್ತಿದ್ದರು. ಹತ್ತನೆಯ ತರಗತಿಯನ್ನು ಮುಟ್ಟದೆ ಮದುವೆಗೆಂದು ಶಾಲೆ ಬಿಟ್ಟ ಹುಡುಗಿಯರ ಹೆಸರುಗಳು ನಮ್ಮ ದಾಖಲಾತಿ ಪುಸ್ತಕದಲ್ಲಿಯೂ ಇವೆ. ಆ ಮೊಮ್ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಮಧುರವಾಣಿಯ ಪಾತ್ರವನ್ನು ತನಗೇ ಕೊಡಬೇಕೆಂದು ಕೇಳಿ ಪಡೆದುಕೊಂಡಿದ್ದಾಳೆ.